ಒಲೆಯೊಳಗೆ ಹಾಕದ ಕೈ

ಆ ವರದಿಯಲ್ಲಿ ತಪ್ಪು ಒಂದೂ ಇರಲಿಲ್ಲ. ಇದ್ದದ್ದು ಏಳು ವಾಕ್ಯ. ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಯೋಗಕ್ಕೆಂದು ಕಟ್ಟಿದ ಹೊಗೆರಹಿತ ಒಲೆಗಳು ಹೊಗೆ ಕಾರುತ್ತಿವೆ ಎಂಬುದು ಮೊದಲನೆಯದು. ಒಂಬತ್ತು ಮನೆಗಳಲ್ಲಿ ವರದಿಗಾರ ಅದನ್ನು ಕಣ್ಣಾರೆ ನೋಡಿದ್ದಾನೆ ಎಂಬುದು ಎರಡನೆಯದು. ನಡುವಿನ ನಾಲ್ಕರಲ್ಲಿ ಹೆಂಗಸರು ಹೇಳಿದ ಮಾತು, ಒಲೆ ಕಟ್ಟಿ ಎಷ್ಟು ತಿಂಗಳಾಯಿತು, ಯೋಜನೆ ಯಾರದು, ಅದರ ಮುಂದಿನ ಗತಿ ಏನು ಎಂಬ ವಿವರ. ಏಳನೆಯದು ರೂಢಿಯಂತೆ ಬರುವ ವಾಕ್ಯ: ಪ್ರತಿಕ್ರಿಯೆಗಾಗಿ ಇಂಜಿನಿಯರ್ ಸಂಪರ್ಕಕ್ಕೆ ಸಿಗಲಿಲ್ಲ. ಗುಲ್ಬರ್ಗಾದ ಕಚೇರಿಯಲ್ಲಿ ಸುದ್ದಿ ಸಂಪಾದಕರು ಅದರಲ್ಲಿ ಒಂದು ಪದವನ್ನೂ ಹೊಡೆಯದೆ ಅಚ್ಚಿಗೆ ಕಳಿಸಿದರು. ಆಗಿನ ನನ್ನ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆ ಇರಲಿಲ್ಲ.

ಅದು ಎಂಬತ್ತರ ದಶಕದ ನಡುಭಾಗ. ಆಳಂದ, ಅಫಜಲಪುರ, ಜೇವರ್ಗಿ ಮೂರು ತಾಲ್ಲೂಕುಗಳಿಗೆ ಪತ್ರಿಕೆ ಇಟ್ಟಿದ್ದ ಒಬ್ಬನೇ ವರದಿಗಾರ ನಾನು. ಆಳಂದದಲ್ಲಿ ಮನೆ. ಸುದ್ದಿ ಬರೆದು ಲಕೋಟೆಗೆ ಹಾಕಿ ಮಧ್ಯಾಹ್ನದ ಗುಲ್ಬರ್ಗಾ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಮರುದಿನ ಅಚ್ಚಾಗಿ ಬರುತ್ತಿತ್ತು. ತೊಗರಿ ದರ, ಮಳೆ, ಕರೆಂಟು ಹೋದದ್ದು, ಬಸ್ಸು ಮಗುಚಿದ್ದು. ಇವುಗಳ ನಡುವೆ ಒಂದು ದಿನ ಬಸ್ ನಿಲ್ದಾಣದಲ್ಲಿ ಆ ಹೆಂಗಸು ಕಂಡರು.

ಮೂವತ್ತರ ಆಚೀಚೆ ವಯಸ್ಸು. ಹತ್ತಿ ಸೀರೆ, ಕೈಯಲ್ಲಿ ಗಂಡಸರ ಗಡಿಯಾರ, ಹೆಗಲಿಗೆ ಚೀಲ. ಕಾಲ ಬಳಿ ಮರದ ದೊಡ್ಡದೊಂದು ಅಚ್ಚು. ಅದನ್ನು ಬಸ್ಸಿನ ಮೇಲೆ ಹಾಕಲು ಕಂಡಕ್ಟರ್ ಒಪ್ಪುತ್ತಿರಲಿಲ್ಲ, ಒಳಗಿಡಲು ಪ್ರಯಾಣಿಕರು ಒಪ್ಪುತ್ತಿರಲಿಲ್ಲ. ನಾನು ಅಚ್ಚಿನ ಇನ್ನೊಂದು ತುದಿ ಹಿಡಿದು ಕೊನೆಯ ಸೀಟಿನ ಕೆಳಗೆ ತಳ್ಳಲು ನೆರವಾದೆ. ಏನಿದು ಎಂದು ಕೇಳಿದೆ. ಒಲೆ ಎಂದರು. ಹೆಸರು ಕೇಳುವ ಮೊದಲೇ ನಾನು ಪೆನ್ನು ತೆಗೆದಿದ್ದೆ.

ದಕ್ಷಿಣದ ದೊಡ್ಡ ಊರಿನ ಸಂಸ್ಥೆಯೊಂದು ಅವರನ್ನು ಕಳಿಸಿತ್ತು. ಯಂತ್ರಶಾಸ್ತ್ರ ಓದಿದವರು. ಕಡಿಮೆ ಉರುವಲಿನಲ್ಲಿ ಉರಿಯುವ, ಹೊಗೆಯನ್ನು ಕೊಳವೆಯಿಂದ ಮಾಳಿಗೆಯ ಮೇಲಕ್ಕೆ ಕಳಿಸುವ ಮಣ್ಣಿನ ಒಲೆಯನ್ನು ಆ ಸಂಸ್ಥೆಯವರು ರೂಪಿಸಿದ್ದರು. ಮೂರು ತಾಲ್ಲೂಕುಗಳ ಕೆಲವು ಹಳ್ಳಿಗಳಲ್ಲಿ ಅದನ್ನು ಕಟ್ಟಿಸಿ, ಒಂದು ವರ್ಷ ನೋಡಿ ವರದಿ ಕೊಡಬೇಕಿತ್ತು. ವರ್ಷದ ಕೊನೆಗೆ ಸಮಿತಿಯೊಂದು ಬರುತ್ತದೆ. ಸಮಿತಿ ಒಪ್ಪಿದರೆ ಈ ಸೀಮೆಯಲ್ಲಿ ಬೇಕೆಂದ ಮನೆಗೆಲ್ಲ ಒಲೆ. ಒಪ್ಪದಿದ್ದರೆ ಯೋಜನೆ ಬೇರೆ ಸೀಮೆಗೆ ಹೋಗುತ್ತದೆ. ಇಷ್ಟನ್ನೂ ಅವರು ನರೋಣಾ ಬರುವುದರೊಳಗೆ ಹೇಳಿ ಮುಗಿಸಿದರು. ಆಮೇಲೆ, "ಇನ್ನೂ ಏನೂ ಆಗಿಲ್ಲ. ಈಗಲೇ ಬರೀಬೇಡಿ," ಎಂದರು. ಪೆನ್ನು ಮುಚ್ಚಿದೆ.

ಅವರು ಮೊದಲು ಆರಿಸಿಕೊಂಡದ್ದು ನರೋಣಾದಿಂದ ಆಚೆ, ಬಸ್ಸಿಳಿದು ನಡೆದು ಹೋಗಬೇಕಾದ ಒಂದು ಹಳ್ಳಿಯನ್ನು. ಅಲ್ಲಿ ನಮ್ಮ ತಾಯಿಯ ಕಡೆಯ ಸಂಬಂಧದ ಒಬ್ಬ ಅಜ್ಜಿಯ ಮನೆ ಇತ್ತು. ಪರಿಚಯಕ್ಕೆಂದು ನಾನೂ ಹೋದೆ. ಮಣ್ಣಿನ ಮಾಳಿಗೆ, ಕಟ್ಟಿಗೆಯ ಕಂಬ, ಅಡುಗೆ ಮನೆಯಲ್ಲಿ ಮೇಲೊಂದು ಬೆಳಕಿಂಡಿ. ಆ ಬೆಳಕಿಂಡಿಯಿಂದ ಬೆಳಕು ಬರುವುದಕ್ಕಿಂತ ಹೊಗೆ ಹೋಗಲಿ ಎಂಬ ಆಸೆಯೇ ಹೆಚ್ಚು. ತೊಗರಿ ಕಟ್ಟಿಗೆ ಚಟಚಟ ಉರಿಯುತ್ತದೆ, ಬೇಗ ಉರಿಯುತ್ತದೆ. ಗಾಳಿ ಬಿದ್ದ ದಿನ ಹೊಗೆ ಹೋಗಲೊಲ್ಲದು. ಅಜ್ಜಿಯ ಕಣ್ಣು ಸದಾ ಕೆಂಪು. ನಮ್ಮ ಕಡೆಯ ಎಲ್ಲ ಮುದುಕಿಯರ ಕಣ್ಣೂ ಹಾಗೇ ಇರುತ್ತಿದ್ದುದರಿಂದ ಅದು ವಯಸ್ಸಿನ ಬಣ್ಣ ಎಂದೇ ನಾನು ತಿಳಿದಿದ್ದೆ.

ಅಜ್ಜಿ ಬಂದವರನ್ನು ಮೇಲಿನಿಂದ ಕೆಳಗೆ ನೋಡಿದರು.

"ನೀ ಇಂಜಿನೇರ್ ಏನವ್ವಾ?"

"ಹೌದು."

"ರೊಟ್ಟಿ ಬಡಿಯಾಕ ಬರ್ತದೇನು?"

"ಬರಲ್ಲ."

"ಮತ್ತ ಒಲಿ ಹ್ಯಾಂಗ ಕಟ್ತೀ?"

ಇಂಜಿನಿಯರ್, "ಅದಕ್ಕೇ ನಿಮ್ಮ ಹತ್ರ ಬಂದಿದೀನಿ," ಎಂದರು. ಅಜ್ಜಿಗೆ ಆ ಉತ್ತರ ಹಿಡಿಸಿತು. ಪಕ್ಕದಲ್ಲಿ ಮಣೆ ಹಾಕಿ ಕೂಡಿಸಿಕೊಂಡರು.

ಅವರ ಕೆಲಸದ ರೀತಿ ನನಗೆ ಹೊಸದು. ಮೊದಲ ಎರಡು ವಾರ ಒಲೆ ಕಟ್ಟಲೇ ಇಲ್ಲ. ತೂಗುವ ಕೊಕ್ಕೆಯೊಂದನ್ನು ಜಂತಿಗೆ ಕಟ್ಟಿ, ಬೆಳಿಗ್ಗೆ ಒಲೆಗೆ ಹೋಗುವ ಕಟ್ಟಿಗೆಯನ್ನು ತೂಗುವುದು, ಗಡಿಯಾರ ನೋಡುತ್ತ ಕೂತು ಒಂದೊಂದು ರೊಟ್ಟಿಗೆ ಎಷ್ಟು ಹೊತ್ತು ಎಂದು ಗುರುತು ಹಾಕುವುದು, ಕೊನೆಗೆ ಉಳಿದ ಕೆಂಡವನ್ನೂ ತೂಗುವುದು. ಅಂಕಿ ಬರೆದುಕೊಳ್ಳುವ ಕೆಲಸ ನನಗೆ ಬಿತ್ತು. ಪಡಸಾಲೆಯಲ್ಲಿ ಕೂತು ಅವರು ಒಳಗಿಂದ ಕೂಗಿದ್ದನ್ನು ಬರೆಯುತ್ತಿದ್ದೆ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ಅಜ್ಜಿಗೆ ಈ ವಯಸ್ಸಿನಲ್ಲಿ ಪರೀಕ್ಷೆ ಬಂತೆಂದು ಚುಡಾಯಿಸುತ್ತಿದ್ದರು. ಪಾಸಾದರೆ ಪೇಢೆ ಹಂಚಬೇಕು ಎಂದು ಒಬ್ಬಾಕೆ ಹೇಳಿದರೆ, ಫೇಲಾದರೆ ಗಂಡನ ಹತ್ತಿರಕ್ಕೆ ಕಳಿಸುತ್ತಾರೇನು ಎಂದು ಅಜ್ಜಿ ಕೇಳಿದರು. ಅಜ್ಜ ಹೋಗಿ ಆಗಲೇ ಬಹಳ ವರ್ಷವಾಗಿತ್ತು.

ಒಂದು ಹೊರೆ ಕಟ್ಟಿಗೆಯಲ್ಲಿ ರೊಟ್ಟಿಗೆ ತಲುಪುವ ಬಿಸಿ ಹಿಡಿಯಷ್ಟೇ, ಉಳಿದದ್ದೆಲ್ಲ ಗೋಡೆಗೆ, ಗಾಳಿಗೆ, ಕಣ್ಣಿಗೆ ಎಂದು ಇಂಜಿನಿಯರ್ ಹೇಳುತ್ತಿದ್ದರು. ಆ ಬಿಸಿಯನ್ನು ಹಿಡಿದರೆ ಕುಳ್ಳು ಸುಡುವುದು ತಪ್ಪುತ್ತದೆ, ಸಗಣಿ ಹೊಲಕ್ಕೆ ಹೋಗುತ್ತದೆ, ಹೆಂಗಸರು ಹತ್ತಿ ಕಟ್ಟಿಗೆ ಆರಿಸಲು ಹೊಲ ಹೊಲ ತಿರುಗುವುದು ನಿಲ್ಲುತ್ತದೆ. ವಾಪಸು ಬರುವ ಬಸ್ಸಿನಲ್ಲಿ ಒಮ್ಮೆ, "ಮುಂದೊಂದು ದಿನ ಲೋಕದ ದೊಡ್ಡವರೆಲ್ಲ ಕೂತು ಹೊಗೆಯ ಬಗ್ಗೆನೇ ಮಾತಾಡ್ತಾರೆ, ನೋಡಿ," ಎಂದರು. ನನಗೆ ಅದು ಉತ್ಪ್ರೇಕ್ಷೆ ಎನಿಸಿತು. ಟಿಪ್ಪಣಿ ಮಾಡಿಕೊಳ್ಳಲಿಲ್ಲ.

ಸಂಸ್ಥೆಯ ಒಲೆ ಅನ್ನ ಬೇಯಿಸುವವರಿಗೆಂದು ಮಾಡಿದ್ದು. ಬಾಯಿ ಚಿಕ್ಕದು, ತೊಗರಿ ಕಟ್ಟಿಗೆ ಅದರೊಳಗೆ ಮುರಿದು ಮುರಿದು ತುರುಕಬೇಕು. ಅದಕ್ಕಿಂತ ದೊಡ್ಡ ತೊಡಕು ರೊಟ್ಟಿಯದು. ಹಂಚಿನ ಮೇಲೆ ಎರಡು ಮಗ್ಗುಲೂ ಬೆಂದ ಜೋಳದ ರೊಟ್ಟಿಯನ್ನು ಕೊನೆಗೆ ಒಲೆಯ ಬಾಯಿಗೆ, ಕೆಂಡದ ಎದುರಿಗೆ ಆನಿಸಿ ನಿಲ್ಲಿಸಬೇಕು. ಆಗ ಅದು ಉಬ್ಬುತ್ತದೆ. ಹೊಸ ಒಲೆಯಲ್ಲಿ ಕೆಂಡ ಒಳಗೆ ಅಡಗಿರುತ್ತದೆ, ರೊಟ್ಟಿಗೆ ನಿಲ್ಲಲು ಜಾಗವಿಲ್ಲ. ಮೊದಲ ಒಲೆಯನ್ನು ಅಜ್ಜಿ ಮೂರೇ ದಿನಕ್ಕೆ ಮುಂದಿನಿಂದ ಒಡೆದರು. ಇಂಜಿನಿಯರ್ ಸಿಟ್ಟಾಗಲಿಲ್ಲ. ಒಡೆದ ಜಾಗವನ್ನು ಅಳೆದು, ಬಾಯಿ ಅಗಲಿಸಿ, ಮುಂದೆ ಕೆಂಡ ಎಳೆದುಕೊಳ್ಳಲು ಅಂಗೈ ಅಗಲದ ಕಟ್ಟೆ ಮಾಡಿದರು. ಮರದ ಅಚ್ಚನ್ನು ಆಳಂದದ ಬಡಿಗೇರ ಅಂಗಡಿಯಲ್ಲಿ ಕೊರೆಸಿ ತಿದ್ದಿಸಿದರು. ನಾಲ್ಕನೆಯ ಒಲೆ ನಿಂತಿತು.

ಅದು ಉರಿದ ಮೊದಲ ಬೆಳಿಗ್ಗೆ ನನಗೆ ನೆನಪಿದೆ. ಅಜ್ಜಿ ಒಳಗೆ ರೊಟ್ಟಿ ಬಡಿಯುವ ಸದ್ದು. ನಾವಿಬ್ಬರೂ ಅಂಗಳದಲ್ಲಿ ಮೇಲೆ ನೋಡುತ್ತ ನಿಂತಿದ್ದೆವು. ಮಾಳಿಗೆಯ ಮೇಲಿನ ಸಿಮೆಂಟ್ ಕೊಳವೆಯಿಂದ ತೆಳ್ಳಗೆ, ನೆಟ್ಟಗೆ, ಹೊಗೆ ಏರಿತು. ಸುತ್ತಲಿನ ಮಾಳಿಗೆಗಳ ಮೇಲೆ ಹೊಗೆ ಕಂಬಳಿ ಹೊದ್ದಂತೆ ಮಲಗಿತ್ತು, ಇದೊಂದೇ ನಿಂತಿತ್ತು. ಅವರು ಒಳಗೆ ಓಡಿದರು. ಅಜ್ಜಿ ರೊಟ್ಟಿಯನ್ನು ಕಟ್ಟೆಗೆ ಆನಿಸಿ, ಉಬ್ಬಿದ್ದನ್ನು ತೆಗೆದು, ಶೇಂಗಾ ಹಿಂಡಿಯ ಜೊತೆ ಅವರ ಕೈಗಿಟ್ಟರು. "ತಿನ್ನು. ಈಗ ನೀ ಇಂಜಿನೇರ್ ಆದಿ," ಎಂದರು.

ಆ ಬೇಸಗೆಯೊಳಗೆ ಆ ಓಣಿಯ ಹತ್ತು ಮನೆಗಳಲ್ಲಿ ಒಲೆ ಎದ್ದವು. ಹೆಂಗಸರು ಅವರನ್ನು ಒಲಿ ಅಕ್ಕಾವ್ರು ಎಂದು ಕರೆಯತೊಡಗಿದರು. ದೂರು ಒಂದೇ: ಬೂದಿ ಕಡಿಮೆ ಬೀಳುತ್ತದೆ, ಭಾಂಡೆ ತಿಕ್ಕಲು ಸಾಲುವುದಿಲ್ಲ. ಆ ದೂರನ್ನು ಅವರು ತಮ್ಮ ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆದರು. ಅಷ್ಟು ಸಂತೋಷದಿಂದ ಯಾರಾದರೂ ದೂರು ಬರೆದುಕೊಂಡದ್ದನ್ನು ನಾನು ಕಂಡಿಲ್ಲ. ಮಳೆಗಾಲದಲ್ಲಿ ಅವರು ಅತನೂರಿಗೆ ಹೋದರು, ಅಲ್ಲಿಂದ ಜೇವರ್ಗಿಯ ಕಡೆಗೆ. ನನ್ನ ಓಡಾಟವೂ ಅದೇ ಮೂರು ತಾಲ್ಲೂಕು. ವಾರಕ್ಕೊಮ್ಮೆಯಾದರೂ ಯಾವುದೋ ಬಸ್ಸಿನಲ್ಲಿ ಸೀಟಿನ ಕೆಳಗೆ ಮರದ ಅಚ್ಚು ಕಾಣುತ್ತಿತ್ತು, ಮೇಲೆ ಅವರು. ಅಂಥ ದಿನ ಹಾದಿ ಬೇಗ ಮುಗಿಯುತ್ತಿತ್ತು. ನಾನು ಇಳಿಯಬೇಕಾದ ಊರು ಬಂದಾಗ ನನಗೆ ಬೇಸರವಾಗುತ್ತಿತ್ತು. ಅದನ್ನು ನಾನು ಆಗಲೇ ಗಮನಿಸಿದ್ದೆ. ಗಮನಿಸಿದ್ದರಿಂದಲೇ ಮುಂದಿನದು ಆಯಿತು.

ಚಳಿ ಶುರುವಾದ ಮೇಲೆ, ಬೇರೆ ಸುದ್ದಿಗೆಂದು ನರೋಣಾದ ಕಡೆ ಹೋದವನು ಹೇಳದೆ ಕೇಳದೆ ಆ ಹಳ್ಳಿಗೆ ಹೊಕ್ಕೆ. ಅಜ್ಜಿಯ ಮನೆಯ ಬಾಗಿಲಲ್ಲೇ ಕಣ್ಣುರಿಯಿತು. ಒಲೆ ಕನ್ನಡಿಯಂತೆ ಹೊಳೆಯುತ್ತಿತ್ತು: ಕೆಂಪು ಮಣ್ಣಿನಿಂದ ಸಾರಿಸಿ, ಮೇಲೆ ವಿಭೂತಿಯ ಮೂರು ಗೆರೆ, ಅಂಚಿಗೆ ಸುಣ್ಣದ ರಂಗೋಲಿ. ಅದರ ಬಾಯಿಂದ, ಹಂಚಿನ ಸುತ್ತಿನಿಂದ, ಹೊಗೆ ಬುಸುಗುಡುತ್ತ ಒಳಗೇ ತುಂಬುತ್ತಿತ್ತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಬಾರೋ ತಮ್ಮಾ ಎಂದರು. ಎರಡು ತಿಂಗಳಿನಿಂದ ಹೀಗೇ ಎಂದರು. ಒಲಿ ಅಕ್ಕಾವ್ರಿಗೆ ಹೇಳಲಿಲ್ಲವೇ ಎಂದರೆ, ನಡುವೆ ಒಮ್ಮೆ ಬಂದು ಚಹಾ ಕುಡಿದು ಹೋದರು, ಆಗ ಒಲೆ ಹಚ್ಚಿರಲಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿದರು. "ಮನಿಗೆ ಬಂದ ಹೆಣಮಗಳಿಗೆ ನಿನ್ನ ಒಲಿ ಕೆಟ್ಟದ ಅಂತ ಹ್ಯಾಂಗ ಅನ್ನಬೇಕೋ?"

ನಾನು ಓಣಿಯ ಮನೆ ಮನೆ ಹೊಕ್ಕೆ. ಒಂಬತ್ತರಲ್ಲೂ ಅದೇ. ಹತ್ತನೆಯದು ಓಣಿಯ ತುದಿಯ ಮನೆ. ಅಲ್ಲಿಗೆ ಹೊರಟಾಗ ಒಂಬತ್ತನೆಯ ಮನೆಯಾಕೆ ತಡೆದಳು: "ಆಕಿ ಮನಿಗ್ಯಾಕ್ ಹೋಗ್ತೀರಿ, ಬಿಡ್ರಿ. ಆಕಿ ಒಲಿ ಸಾರಸಂಗೂ ಇಲ್ಲ, ಮಾರಿ ತೊಳಿಯಂಗೂ ಇಲ್ಲ." ಬಸ್ಸಿನ ಹೊತ್ತೂ ಆಗಿತ್ತು. ಬಿಟ್ಟೆ.

ಆಳಂದಕ್ಕೆ ಬಂದು ಇಂಜಿನಿಯರ್ ಅವರ ಬಾಡಿಗೆ ಕೋಣೆಗೆ ಹೋದೆ. ಬೀಗ. ಜೇವರ್ಗಿಗೆ ಹೋಗಿದ್ದಾರೆ, ನಾಲ್ಕು ದಿನ ಬಿಟ್ಟು ಬರುತ್ತಾರೆ ಎಂದು ಪಕ್ಕದವರು ಹೇಳಿದರು. ನಾಲ್ಕು ದಿನ ಕಾಯಬಹುದಿತ್ತು. ಆಗ ನನಗೆ ನಾನೇ ಹೇಳಿಕೊಂಡ ತರ್ಕವನ್ನು ಇಲ್ಲಿ ದಾಖಲಿಸುತ್ತೇನೆ. ಬೇರೆ ಯಾವ ಅಧಿಕಾರಿಯ ಕೆಲಸವಾಗಿದ್ದರೂ ಅಂದೇ ಬರೆಯುತ್ತಿದ್ದೆ. ಇವರದೆಂಬ ಕಾರಣಕ್ಕೆ ಕಾದರೆ, ನಾನು ಕಾಯುತ್ತಿರುವುದು ಸುದ್ದಿಗಲ್ಲ. ಹಾಗಾಗಿ ಕೂತು ಬರೆದೆ. ನಾನು ನಿಷ್ಪಕ್ಷಪಾತಿ ಎಂದು ನನಗೇ ತೋರಿಸಿಕೊಳ್ಳಲು ಏಳು ವಾಕ್ಯ ಬೇಕಾದವು. ಲಕೋಟೆ ಮಧ್ಯಾಹ್ನದ ಬಸ್ಸಿಗೆ ಹೋಯಿತು.

ಅವರು ಪತ್ರಿಕೆ ನೋಡಿದ್ದು ಜೇವರ್ಗಿಯ ಚಹಾದಂಗಡಿಯಲ್ಲಂತೆ. ಮರುದಿನ ಬೆಳಿಗ್ಗೆ ನನ್ನ ಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಮಡಿಚಿದ ಪತ್ರಿಕೆ. ಅವರು ಏನೆಲ್ಲ ಅನ್ನಬಹುದು ಎಂದು ನಾನು ಊಹಿಸಿ, ಪ್ರತಿಯೊಂದಕ್ಕೂ ಉತ್ತರ ಸಿದ್ಧಮಾಡಿಕೊಂಡಿದ್ದೆ. ಅವರು ಕೇಳಿದ್ದು ಅದ್ಯಾವುದನ್ನೂ ಅಲ್ಲ.

"ಒಲೆಯೊಳಗೆ ಕೈ ಹಾಕಿ ನೋಡಿದ್ರಾ?"

ಇಲ್ಲ ಎಂದೆ.

"ಬನ್ನಿ," ಎಂದರು.

ಸಮಿತಿ ಬರಲು ಐದು ದಿನವಿತ್ತು. ಅದು ಬಸ್ಸಿನಲ್ಲಿ ಗೊತ್ತಾಯಿತು. ಅಜ್ಜಿಯ ಮನೆಯಲ್ಲಿ ಅವರು ಹಂಚು ಎತ್ತಿಟ್ಟು, ತಣ್ಣಗಾದ ಒಲೆಯೊಳಗೆ ಮೊಣಕೈತನಕ ಕೈ ಇಳಿಸಿದರು. ಒಲೆಯ ಮೊದಲ ಗುಂಡಿಯಿಂದ ಎರಡನೆಯದಕ್ಕೆ, ಅಲ್ಲಿಂದ ಕೊಳವೆಗೆ, ಬೆಂಕಿ ಹಾಯುವ ಸುರಂಗವಿದೆ. ಅದರ ಅಳತೆಯ ಮೇಲೇ ಇಡೀ ಒಲೆ ನಿಂತಿದೆ. ಅವರ ಬೆರಳು ಅಲ್ಲಿ ಸಿಕ್ಕಿಕೊಂಡಿತು. ಕಳೆ ತೆಗೆಯುವ ಕುರ್ಪಿ ಕೇಳಿದರು. ಕೆರೆದಾಗ ಒಳಗಿನಿಂದ ಬಿಲ್ಲೆ ಬಿಲ್ಲೆಯಾಗಿ ಮಣ್ಣು ಬಂತು. ಒಂದು ಬಿಲ್ಲೆಯನ್ನು ನನ್ನ ಕೈಗೆ ಕೊಟ್ಟರು. ಉಳ್ಳಾಗಡ್ಡಿಯ ಹಾಗೆ ಪದರ ಪದರ: ಕೆಂಪು ಮಣ್ಣು, ಸಗಣಿ, ಮತ್ತೆ ಕೆಂಪು ಮಣ್ಣು.

ನಮ್ಮ ಕಡೆ ಒಲೆ ಸಾರಿಸದೆ ಬೆಂಕಿ ಹಾಕುವುದಿಲ್ಲ. ಸೋಮವಾರ, ಅಮಾವಾಸ್ಯೆ, ಹಬ್ಬ, ಮನೆಗೆ ಸ್ವಾಮಿಗಳು ಬರುವ ದಿನ ತಪ್ಪುವಂತೆಯೇ ಇಲ್ಲ. ಹಳೆಯ ಒಲೆ ಮೂರು ಗೋಡೆಯ ತೆರೆದ ಗೂಡು. ಎಷ್ಟು ಬಳಿದರೂ ಏನೂ ಕೆಡದು. ಹೊಸ ಒಲೆ ಪರ ಊರಿನಿಂದ ಬಂದದ್ದು, ನಾಜೂಕಿನದು, ಎಂದು ಆ ಹೆಂಗಸರು ಅದನ್ನು ಹೊರಗಷ್ಟೇ ಅಲ್ಲ, ಕೈ ಹೋಗುವಷ್ಟು ಒಳಗೂ ಬಳಿದಿದ್ದರು. ಬಾರಿಬಾರಿಗೂ ಒಂದು ಪದರ. ಸುರಂಗ ಸಣ್ಣದಾಗುತ್ತ ಬಂದು, ಕೊನೆಗೆ ಹೊಗೆಗೆ ಹಿಂದಕ್ಕೆ ಬರದೆ ದಾರಿಯಿರಲಿಲ್ಲ.

ಇಂಜಿನಿಯರ್ ಕುಕ್ಕರುಗಾಲಲ್ಲಿ ಕೂತು ಕೈಯ ಮಣ್ಣು ಕೊಡವಿದರು. ಆಮೇಲೆ, ಕಟ್ಟಿಗೆ ಎಷ್ಟುದ್ದ, ಕೊಳವೆಯ ಮಸಿ ಯಾವಾಗ ತೆಗೆಯಬೇಕು ಎಲ್ಲ ಹೇಳಿಕೊಟ್ಟೆ, ಸಾರಿಸುವುದರ ಬಗ್ಗೆ ನಾನೇ ಕೇಳಲಿಲ್ಲ, ಎಂದರು. ದಿನಾ ಬೆಳಿಗ್ಗೆ ಅಜ್ಜಿ ಸಾರಿಸಿ ಮುಗಿಸಿದ ಮೇಲೆಯೇ ಅವರು ಬರುತ್ತಿದ್ದುದು. ಅವರ ಗಡಿಯಾರ ಬೆಂಕಿ ಹಚ್ಚಿದ ಮೇಲೆಯೇ ಶುರುವಾಗುತ್ತಿದ್ದುದು.

ಹತ್ತನೆಯ ಮನೆಗೆ ಹೋಗೋಣ ಎಂದು ಅವರೇ ಹೇಳಿದರು. ಓಣಿಯ ತುದಿಯ ಆ ಮನೆಯ ಒಲೆ ಕಪ್ಪಗೆ, ಅಲ್ಲಲ್ಲಿ ಬಿರಿದು, ಸುತ್ತ ಬೂದಿ ಚೆಲ್ಲಿಕೊಂಡಿತ್ತು. ಅದರ ಮೇಲೆ ಬೇಳೆ ಕುದಿಯುತ್ತಿತ್ತು. ಮನೆಯೊಳಗೆ ಹೊಗೆಯ ಎಳೆಯೂ ಇರಲಿಲ್ಲ. ನಮ್ಮ ಹಿಂದೆ ಓಣಿಯ ಒಂಬತ್ತೂ ಮನೆಯ ಹೆಂಗಸರು ಬಂದು ನಿಂತಿದ್ದರು. ಮನೆಯಾಕೆ ಅವರನ್ನೆಲ್ಲ ಒಮ್ಮೆ ನೋಡಿದಳು.

"ನಂದು ಉರಿಯಾಕ ಚಂದ ಅದ್ರಿ ಅಕ್ಕಾವ್ರ, ನೋಡಾಕ ಚಂದಿಲ್ಲ. ಇವ್ರಾವು ನೋಡಾಕ ಚಂದ ಅವ."

ಇಂಜಿನಿಯರ್ ನಕ್ಕರು. ಆ ದಿನ ಅವರು ನಕ್ಕದ್ದು ಅದೊಂದೇ ಸಲ. ನಾನು ಬಿಟ್ಟ ಮನೆ ಇದೇ ಎಂದು ಅವರಿಗೆ ಹೇಳಿದೆ. ಗೊತ್ತು, ಒಂಬತ್ತು ಅಂತ ಬರೆದಿದ್ದೀರಲ್ಲ, ಎಂದರು.

ಐದು ದಿನದಲ್ಲಿ ಒಂಬತ್ತು ಒಲೆ ಕೆರೆದು ಸರಿಮಾಡಿದರು. ಸಾರಿಸುವುದನ್ನು ಬಿಡಿ ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ. ದಾರಿ ಕಂಡದ್ದು ಅಜ್ಜಿಗೆ. ಅವರು ದಪ್ಪನೆಯ ತೊಗರಿ ಕಟ್ಟಿಗೆಯೊಂದನ್ನು ಸುರಂಗದ ಅಳತೆಗೆ ಮುರಿದು, ಎರಡೂ ತುದಿ ಕೆಂಡಕ್ಕೆ ಹಿಡಿದು ಕರಕು ಮಾಡಿದರು. "ಮೊದಲ ಕೆರಿಬೇಕು, ಆಮ್ಯಾಲ ಬಳಿಬೇಕು, ಕಡೀಕ ಈ ಕಡ್ಡಿ ಒಳಗ ಅಡ್ಡ ತಿರುಗಬೇಕು. ತಿರುಗಲಿಲ್ಲಂದ್ರ ಮಡಿ ಆಗಲಿಲ್ಲ." ಓಣಿಗೆಲ್ಲ ಅದೇ ಕಟ್ಟಳೆಯಾಯಿತು. ಕಡ್ಡಿಯನ್ನು ವಿಭೂತಿಯಿಡುವ ಗೂಡಿನಲ್ಲೇ ಇಟ್ಟರು. ಇಂಜಿನಿಯರ್ ಅದರ ಚಿತ್ರ ಬರೆದುಕೊಂಡು, ಇಂಥದ್ದು ನಮ್ಮ ಸಂಸ್ಥೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ ಎಂದರು.

ಸಮಿತಿಯ ಮೂವರು ಜೀಪಿನಲ್ಲಿ ಮಟಮಟ ಮಧ್ಯಾಹ್ನ ಬಂದರು. ಹತ್ತೂ ಮಾಳಿಗೆಗಳ ಮೇಲೆ ಹೊಗೆ ನೆಟ್ಟಗಿತ್ತು. ಅಜ್ಜಿ ಅವರಿಗೆ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಮೂವರಲ್ಲಿ ಹಿರಿಯರು ಚೆನ್ನಾಗಿದೆ ಎಂದು ಎರಡು ರೊಟ್ಟಿ ತಿಂದರು. ತಿಂದು ಕೈತೊಳೆದು ಫೈಲು ತೆರೆದರು. ಮೇಲೇ ನನ್ನ ವರದಿಯ ತುಣುಕು ಇತ್ತು. ಬರೆದವನು ನಾನೇ ಎಂದು ತಿಳಿದು ನನ್ನನ್ನು ಕರೆದರು.

"ಇದು ಸುಳ್ಳೇನ್ರೀ?"

"ಸುಳ್ಳಲ್ರಿ. ಆದ್ರ ಅರ್ಧ ಅದ."

ಉಳಿದರ್ಧವನ್ನು ಹೇಳಿದೆ. ಸಾರಿಸಿದ್ದು, ಪದರ, ಹತ್ತನೆಯ ಮನೆ, ಕಡ್ಡಿ. ಅವರು ತಾಳ್ಮೆಯಿಂದ ಕೇಳಿದರು. ಕೆಟ್ಟ ಮನುಷ್ಯರಲ್ಲ. ಕೊನೆಗೆ, "ಒಲೆ ಕೆಟ್ಟಿತ್ತು ಅನ್ನೋದು ಕಾಗದದಲ್ಲಿದೆ. ಸರಿಹೋಗಿದೆ ಅನ್ನೋದು ಇವತ್ತು ಮಾತ್ರ ಇದೆ. ನಾವು ಬರ್ತೀವಿ ಅಂತ ಸರಿಮಾಡಿದ್ದು ಅಂತ ಮೇಲಿನವರು ಕೇಳಿದ್ರೆ ನಾನೇನು ಹೇಳಲಿ?" ಎಂದು ಫೈಲು ಕಟ್ಟಿದರು.

ನಾನು ಅಂದೇ ಎರಡನೆಯ ವರದಿ ಬರೆದು ಕಳಿಸಿದೆ. ಕಚೇರಿಯಲ್ಲಿ ಅದು ಸರದಿಯಲ್ಲಿ ಕೂತಿತು. ಒಲೆ ಸರಿಯಾಗಿ ಉರಿಯುವುದು ಯಾವ ಲೆಕ್ಕದ ಸುದ್ದಿ ಎಂದು ಸಂಪಾದಕರು ಕೇಳಿದರಂತೆ. ಅವರ ಜಾಗದಲ್ಲಿ ನಾನಿದ್ದರೂ ಕೇಳುತ್ತಿದ್ದೆ. ತೊಗರಿ ದರದ ಕೆಳಗೆ ಎರಡು ವಾಕ್ಯವಾಗಿ ಅದು ಬರುವ ಹೊತ್ತಿಗೆ ಆದೇಶ ಬಂದಾಗಿತ್ತು. ಮೂರೂ ತಾಲ್ಲೂಕು ಯೋಜನೆಯಿಂದ ಹೊರಗೆ. ಇಂಜಿನಿಯರ್ ಅವರಿಗೆ ಅನ್ನ ಉಣ್ಣುವ ಸೀಮೆಯೊಂದಕ್ಕೆ ವರ್ಗ.

ಹೊರಡುವ ದಿನ ಆಳಂದದ ಬಸ್ ನಿಲ್ದಾಣದಲ್ಲಿ ಅವರ ಕಾಲ ಬಳಿ ಅಚ್ಚು ಇರಲಿಲ್ಲ. ಅಜ್ಜಿಗೆ ಕೊಟ್ಟು ಬಂದೆ ಎಂದರು. ತಿದ್ದಿದ ಅಚ್ಚು ಬೇರೆ ಕಡೆ ಪ್ರಯೋಜನಕ್ಕೆ ಬರುವುದಿಲ್ಲ. ನಾನು ಕ್ಷಮೆ ಕೇಳಬೇಕೆಂದು ಬಂದಿದ್ದೆ. ಅವರು ಕೇಳಗೊಡಲಿಲ್ಲ. ನೀವು ಕಂಡದ್ದು ಬರೆದಿರಿ, ನಾನು ಎರಡು ತಿಂಗಳು ಕಾಣಲೇ ಇಲ್ಲ, ಎಂದರು. ಆಮೇಲೆ ಆ ಹಳ್ಳಿಯ ರೊಟ್ಟಿಯ ಮಾತು ಬಂತು, ಇಂಥದ್ದು ಇನ್ನೆಲ್ಲಿ ಸಿಗುತ್ತದೋ ಎಂದರು. ಬಸ್ಸು ಹೊರಟಿತು. ಅವರಿಗೆ ಹೇಳಲು ನನ್ನಲ್ಲಿ ಇನ್ನೊಂದು ವಾಕ್ಯವಿತ್ತು. ಅದನ್ನು ಎಲ್ಲೂ ಬರೆದಿಟ್ಟುಕೊಂಡಿರಲಿಲ್ಲ, ಹಾಗಾಗಿ ಹೊತ್ತಿಗೆ ಸಿಗಲಿಲ್ಲ. ಹೊಸ ಊರಿನ ವಿಳಾಸ ಬರೆಯುತ್ತೇನೆ ಎಂದಿದ್ದರು. ಕಾಗದ ಬರಲಿಲ್ಲ. ಅಥವಾ ಬಂದು ಎಲ್ಲೋ ತಪ್ಪಿತು. ಎರಡೂ ಸಾಧ್ಯ, ನನಗೆ ತಿಳಿಯದು.

ಆಮೇಲೆ ಎಷ್ಟೋ ವರ್ಷ ಅದೇ ಬಸ್ಸುಗಳಲ್ಲಿ ಓಡಾಡಿದೆ. ಹತ್ತಿದ ಕೂಡಲೇ ಕೊನೆಯ ಸೀಟಿನ ಕೆಳಗೆ ನೋಡುವ ಚಟ ಬಿಡಲಿಲ್ಲ. ಬೆಳಗಿನ ಬಸ್ಸಾದರೆ ಕಿಟಕಿಯ ಪಕ್ಕ ಕೂತು ಹಳ್ಳಿಯ ಮಾಳಿಗೆಗಳನ್ನು ನೋಡುತ್ತಿದ್ದೆ. ಎಲ್ಲೆಲ್ಲೂ ಮಲಗಿದ ಹೊಗೆ. ಅಜ್ಜಿ ತೀರಿಕೊಂಡರು. ಅವರ ಕಣ್ಣು ಕೊನೆಯ ವರ್ಷಗಳಲ್ಲಿ ತಿಳಿಯಾಗಿದ್ದವು ಎಂದು ನಮ್ಮ ತಾಯಿ ಹೇಳಿದರು. ಆ ಓಣಿಗೆ ಹೋಗಲು ನನಗೆ ಮನಸ್ಸಾಗಿರಲಿಲ್ಲ. ಆಳಂದಕ್ಕೆ ಗ್ಯಾಸ್ ಸಿಲಿಂಡರ್ ಬಂದ ಸುದ್ದಿ ಬರೆದದ್ದೂ ಆ ಸುಮಾರಿಗೇ.

ತೊಂಬತ್ತರ ದಶಕದ ನಡುವೆ ಗುಲ್ಬರ್ಗಾದಲ್ಲಿ ಇಂಧನ ಉಳಿತಾಯದ ಬಗ್ಗೆ ತಜ್ಞರ ಸಭೆಯೊಂದು ನಡೆಯಿತು. ವರದಿ ಮಾಡಲು ಹೋಗಿದ್ದೆ. ದೂರದ ಊರುಗಳಿಂದ ಬಂದವರು ಭೂಮಿ ಬಿಸಿಯಾಗುವುದರ ಬಗ್ಗೆ, ಹೊಗೆಯ ಬಗ್ಗೆ ಮಾತಾಡಿದರು. ಬಸ್ಸಿನಲ್ಲಿ ನಾನು ಬರೆದುಕೊಳ್ಳದೆ ಬಿಟ್ಟ ಮಾತು ನೆನಪಾಯಿತು. ಒಬ್ಬ ತಜ್ಞರು ಗೋಡೆಯ ಮೇಲೆ ಪಟಗಳನ್ನು ತೋರಿಸುತ್ತ, ಜನರ ಒಗ್ಗದ ಅಭ್ಯಾಸಗಳಿಂದ ಒಳ್ಳೆಯ ಯೋಜನೆಗಳು ಹೇಗೆ ಸೋಲುತ್ತವೆ ಎಂಬುದಕ್ಕೆ ನಮ್ಮ ಮೂರು ತಾಲ್ಲೂಕುಗಳ ಹೆಸರು ಹೇಳಿದರು. ಪಟದ ಮೇಲೆ ನನ್ನ ಎರಡನೆಯ ವಾಕ್ಯ ಇತ್ತು. ಒಂಬತ್ತು ಮನೆ.

ವರದಿಗಾರರು ಸಭೆಯಲ್ಲಿ ಎದ್ದು ಮಾತಾಡುವ ಪದ್ಧತಿಯಿಲ್ಲ. ನಾನು ಎದ್ದೆ. ಇದ್ದದ್ದು ಹತ್ತು ಮನೆ ಎಂದೆ. ಹತ್ತನೆಯದರ ಕಥೆ ಹೇಳಿದೆ. ಅವರು ಸೌಜನ್ಯದಿಂದ ಆಲಿಸಿ, ಇದಕ್ಕೆ ಲಿಖಿತ ಆಧಾರ ಏನಾದರೂ ಇದೆಯೇ ಎಂದರು. ಕೂತೆ. ಸಭೆ ಮುಗಿದ ಮೇಲೆ ಆ ಇಂಜಿನಿಯರ್ ಈಗ ಎಲ್ಲಿದ್ದಾರೆ ಎಂದು ಅವರನ್ನು ಕೇಳಿದೆ. ಅಂಥವರು ಯಾರೂ ತಮಗೆ ಗೊತ್ತಿಲ್ಲ ಎಂದರು. ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಅದಾದ ಒಂದೆರಡು ವರ್ಷಕ್ಕೆ, ಜೇವರ್ಗಿ ದಾಟಿ ಹೋಗುತ್ತಿದ್ದ ಬಸ್ಸು ಬೆಳಿಗ್ಗೆ ಪಂಕ್ಚರ್ ಆಗಿ ಒಂದು ಹಳ್ಳಿಯ ಮುಂದೆ ನಿಂತಿತು. ಕೆಳಗಿಳಿದು ರೂಢಿಯಂತೆ ಮಾಳಿಗೆಗಳ ಕಡೆ ನೋಡಿದೆ. ಮಲಗಿದ ಹೊಗೆಯ ನಡುವೆ ಒಂದು ಕಡೆ ತೆಳ್ಳಗೆ, ನೆಟ್ಟಗೆ ಒಂದು ಗೆರೆ. ಸ್ವಲ್ಪ ಆಚೆ ಇನ್ನೊಂದು. ಆ ಹಳ್ಳಿಗೆ ಒಲಿ ಅಕ್ಕಾವ್ರು ಹೋದವರಲ್ಲ. ಅವರು ಹೋದ ಊರುಗಳ ಪಟ್ಟಿ ನನ್ನ ಹತ್ತಿರ ಇತ್ತು; ಈಗಲೂ ಇದೆ.

ಹೊಗೆಯ ಗುರುತು ಹಿಡಿದು ಆ ಮನೆಗೆ ಹೋದೆ. ಕುಡಿಯಲು ನೀರು ಕೇಳಿದೆ. ತಂದುಕೊಟ್ಟ ಆ ಮನೆಯ ಸೊಸೆಗೆ ಇಪ್ಪತ್ತೈದರ ವಯಸ್ಸಿರಬಹುದು. ಒಲೆ ನೋಡಬಹುದೇ ಎಂದೆ. ಆಕೆ ಬೆರಗಾದಳು, ಆದರೆ ಒಳಗೆ ಕರೆದಳು. ಅಗಲ ಬಾಯಿ, ಮುಂದೆ ಅಂಗೈ ಅಗಲದ ಕಟ್ಟೆ, ಕಟ್ಟೆಗೆ ಆನಿಸಿದ ರೊಟ್ಟಿ. ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಎರಡೂ ತುದಿ ಕರಕಾದ ಒಂದು ಕಡ್ಡಿ. ಇದು ಯಾರು ಕಟ್ಟಿದ್ದು ಎಂದು ಕೇಳಿದೆ. ಅತ್ತೆ ಕಟ್ಟಿದ್ದಂತೆ. ಅತ್ತೆಯ ತವರು ನರೋಣಾದ ಕಡೆ. ಅಲ್ಲಿ ಯಾರದೋ ಮನೆಯಲ್ಲಿ ಮರದ ಅಚ್ಚು ಇದೆ, ಹೆಣ್ಣುಮಕ್ಕಳು ಮದುವೆಯಾಗಿ ಹೋಗುವಾಗಲೋ, ತವರಿಗೆ ಬಂದು ಮರಳುವಾಗಲೋ ಅದನ್ನು ತಂದು ಒಲೆ ಹಾಕಿಕೊಂಡು ವಾಪಸು ಕೊಡುತ್ತಾರಂತೆ. ಈ ಸೊಸೆಗೂ ಮುಂದೆ ಒಬ್ಬ ನಾದಿನಿಯ ಊರಿಗೆ ಅಚ್ಚು ಒಯ್ದು ಕೊಡುವುದಿತ್ತು.

"ಅಲ್ಲಿ ಹಿಂಗ ಪದ್ಧತಿ ಅದರಿ, ಮದಲಿಂದೂ," ಎಂದಳು.

ಸುರಂಗ ನೋಡಬೇಕಿತ್ತು, ಒಲೆ ಉರಿಯುತ್ತಿತ್ತು. ಕೊನೆಯ ರೊಟ್ಟಿಯಾಗಿ ಬೆಂಕಿ ಆರಿ ಕೈ ತಾಳುವಷ್ಟು ತಣಿಯುವವರೆಗೂ ಕಾದೆ. ಹೊರಗೆ ಬಸ್ಸು ಸಿದ್ಧವಾಗಿ ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಹಂಚು ಎತ್ತಿಸಿ ಕೈ ಇಳಿಸಿದೆ. ಮೊದಲ ಗುಂಡಿ, ಸುರಂಗ, ಎರಡನೆಯ ಗುಂಡಿ. ಇನ್ನೂ ಬಿಸಿಯಿತ್ತು. ಬೆರಳು ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

"ಅಯ್ಯ, ಏನ್ ಹುಡುಕಾಕತ್ತೀರಿ?" ಎಂದಳು ಆ ಹುಡುಗಿ, ನಗು ತಡೆದುಕೊಂಡು.

ಏನಿಲ್ಲವ್ವಾ ಎಂದೆ. ಆಕೆ ಕೈಗೆ ನೀರು ಹಾಕಿದಳು.

ಬಸ್ಸಿನಲ್ಲಿ ಕೂತು ಟಿಪ್ಪಣಿ ಪುಸ್ತಕ ತೆಗೆದೆ. ಯಾವ ಪತ್ರಿಕೆಯೂ ಅಚ್ಚು ಮಾಡದ ಸುದ್ದಿ. ಆದರೂ ನಿಯಮದಂತೆ ಬರೆದೆ. ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಲೆ ಚೆನ್ನಾಗಿ ಉರಿಯುತ್ತಿದೆ. ವರದಿಗಾರ ಒಳಗೆ ಕೈ ಹಾಕಿ ನೋಡಿದ್ದಾನೆ. ಎಷ್ಟು ಮನೆಗಳಲ್ಲಿ ಇದೆ ಎಂದು ಯಾರಿಗೂ ತಿಳಿದಿಲ್ಲ. ಯಾರು ತಂದರೆಂದೂ ಅಲ್ಲಿಯವರಿಗೆ ಗೊತ್ತಿಲ್ಲ. ಆಮೇಲೆ ರೂಢಿಯ ಕೊನೆಯ ವಾಕ್ಯ ಸೇರಿಸಿದೆ: ಪ್ರತಿಕ್ರಿಯೆಗಾಗಿ ಇಂಜಿನಿಯರ್ ಸಂಪರ್ಕಕ್ಕೆ ಸಿಗಲಿಲ್ಲ.